ರುಮಟಾಯ್ಡ್ ಆರ್ಥ್ರೈಟಿಸ್ ಇರುವವರ ಪಾದದ ಆರೈಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ರುಮಟಾಯ್ಡ್ ಆರ್ಥ್ರೈಟಿಸ್ ಅಂದ ಕೂಡಲೇ ಎಲ್ಲರ ಗಮನ ಕೈಬೆರಳುಗಳ ಕಡೆ ಹೋಗುತ್ತದೆ. ಆದರೆ ಈ ಕಾಯಿಲೆ ಇರುವವರಲ್ಲಿ ಬಹುಪಾಲು ಜನರಿಗೆ ಒಂದಲ್ಲ ಒಂದು ಹಂತದಲ್ಲಿ ಪಾದದ ತೊಂದರೆ ಬರುತ್ತದೆ. ಎಷ್ಟೋ ಜನರಿಗೆ ಕಾಯಿಲೆ ಶುರುವಾಗುವುದೇ ಕಾಲಿನಿಂದ. ಹಾಗಿದ್ದರೂ ಡಾಕ್ಟರ್ ಮುಂದೆ ಪಾದ ತೋರಿಸುವವರು ಕಡಿಮೆ. ಕೈ ಚಾಚಿ ತೋರಿಸುವುದು ಸುಲಭ, ಶೂ ಸಾಕ್ಸ್ ಬಿಚ್ಚುವುದು ರಗಳೆ, ಅಲ್ವಾ? ಈ ರಗಳೆಯನ್ನು ನೀವು ಮಾಡಿಕೊಳ್ಳಲೇಬೇಕು ಅನ್ನುವುದು ನಮ್ಮ ಕಳಕಳಿ. ಕೆಳಗಿನ ಉತ್ತರಗಳಲ್ಲಿ ಆ ಮಾತು ಮತ್ತೆ ಮತ್ತೆ ಬಂದರೆ ಬೇಸರಪಡಬೇಡಿ.

ಈ ಕಾಯಿಲೆ ಪಾದವನ್ನೇ ಯಾಕೆ ಇಷ್ಟು ಕಾಡುತ್ತದೆ?

ರೋಗಗಳಿಂದ ನಮ್ಮನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ, ಕೀಲುಗಳ ಒಳಪದರದ ಮೇಲೆಯೇ ದಾಳಿ ಮಾಡುವುದು ಈ ಕಾಯಿಲೆಯ ಮೂಲ. ಆ ಪದರ ಊದಿಕೊಂಡು ದಪ್ಪಗಾಗುತ್ತದೆ. ಹಾಗೇ ಬಿಟ್ಟರೆ ಪಕ್ಕದ ಮೂಳೆಯನ್ನು ಸವೆಸುತ್ತದೆ, ಮೂಳೆಗಳನ್ನು ಹಿಡಿದಿಟ್ಟ ನಾರುಗಳನ್ನು ಸಡಿಲ ಮಾಡುತ್ತದೆ.

ಒಂದೊಂದು ಪಾದದಲ್ಲಿ 26 ಮೂಳೆಗಳು, 33 ಕೀಲುಗಳು ಇವೆ. ಹೆಚ್ಚಿನವು ಚಿಕ್ಕ ಕೀಲುಗಳೇ, ಈ ಕಾಯಿಲೆಗೆ ಇಷ್ಟವಾದವೂ ಅವೇ. ಮೊದಲು ಸಿಕ್ಕಿಬೀಳುವುದು ಸಾಮಾನ್ಯವಾಗಿ ಕಾಲ್ಬೆರಳುಗಳ ಬುಡದ ಕೀಲುಗಳು. ಆಮೇಲೆ ಪಾದದ ನಡುಭಾಗ, ಹಿಮ್ಮಡಿಯ ಮೇಲಿನ ಕೀಲು, ಪಾದದ ಗಂಟು. ಇವೆಲ್ಲದರ ಮೇಲೆ ಇಡೀ ದೇಹದ ಭಾರ ಬೀಳುತ್ತದೆ. ಕೈ ನೋವಾದರೆ ಸ್ವಲ್ಪ ಹೊತ್ತು ಸುಮ್ನೆ ಇಡಬಹುದು. ಕಾಲಿಗೆ ಆ ಬಿಡುವು ಸಿಗುವುದಿಲ್ಲ.

ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಟ್ಟರೆ ಹರಳುಕಲ್ಲಿನ ಮೇಲೆ ನಿಂತ ಹಾಗೆ ಆಗುತ್ತದೆ. ಇದು ಅದೇ ಕಾಯಿಲೆಯಿಂದಲೇ?

ಬಹಳಷ್ಟು ಜನ ಇದೇ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ. ಬೆರಳುಗಳ ಬುಡದಲ್ಲಿ ಅಂಗಾಲಿನ ಕಡೆಗೆ ಕೊಬ್ಬಿನ ಒಂದು ಮೆತ್ತೆ ಇರುತ್ತದೆ. ಕೀಲು ಊದಿ ಬೆರಳುಗಳು ಮೇಲಕ್ಕೆ ಎದ್ದಂತೆ ಆ ಮೆತ್ತೆ ಮುಂದಕ್ಕೆ ಜಾರುತ್ತದೆ. ಆಗ ಮೂಳೆಯ ತುದಿಗಳು ಹೆಚ್ಚುಕಡಿಮೆ ನೇರವಾಗಿ ನೆಲಕ್ಕೆ ಒತ್ತುತ್ತವೆ.

ಎರಡೂ ಕಾಲಲ್ಲಿ ನೋವು, ಒಂದು ಗಂಟೆಯಾದರೂ ಬಿಡದ ಬೆಳಗಿನ ಬಿಗಿತ, ಬೆರಳುಗಳ ಬುಡವನ್ನು ಎರಡೂ ಬದಿಯಿಂದ ಮೆಲ್ಲಗೆ ಅದುಮಿದರೂ ನೋವು, ಎರಡು ಬೆರಳುಗಳ ನಡುವೆ ಹೊಸದಾಗಿ ಸಂದು ಬಿಟ್ಟಿರುವುದು. ಇವೆಲ್ಲ ಕೀಲಿನ ಉರಿಯೂತದ ಕಡೆ ಬೆರಳು ತೋರುತ್ತವೆ. ನೋವು ಹಿಮ್ಮಡಿಯ ಕೆಳಗೆ ಮಾತ್ರ ಇದ್ದು, ಮೊದಲ ಕೆಲವು ಹೆಜ್ಜೆಗಳ ನಂತರ ಇಳಿದರೆ ಅದು ಅಂಗಾಲಿನ ಉದ್ದಕ್ಕೂ ಇರುವ ನಾರಿನ ಪಟ್ಟಿಯ ತೊಂದರೆ ಇರಬಹುದು. ಮೂರನೇ ಮತ್ತು ನಾಲ್ಕನೇ ಬೆರಳಿನ ನಡುವೆ ಉರಿ, ಚುಚ್ಚು, ಜೋಮು ಇದ್ದರೆ ನರ ಒತ್ತಿಕೊಂಡಿರಬಹುದು. ಒಬ್ಬರಿಗೇ ಇವೆಲ್ಲ ಒಟ್ಟಿಗೆ ಇರುವುದೂ ಉಂಟು. ಆದ್ದರಿಂದ "ಕಾಲು ನೋವು" ಅಂತ ಮಾತ್ರ ಹೇಳಬೇಡಿ. ಎಲ್ಲಿ, ಯಾವಾಗ, ಎಷ್ಟು ಹೊತ್ತು ಅನ್ನುವುದನ್ನು ಬೆರಳಿಟ್ಟು ತೋರಿಸಿ ಹೇಳಿ.

ಕಾಯಿಲೆ ಹತೋಟಿಯಲ್ಲಿದೆ, ರಿಪೋರ್ಟ್ ಚೆನ್ನಾಗಿದೆ ಅಂತಾರೆ. ಮತ್ತೆ ಕಾಲು ಯಾಕೆ ನೋಯುತ್ತದೆ?

ಇಲ್ಲಿರುವ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಇದೇ ಅನ್ನಿಸುತ್ತದೆ. ಕಾಯಿಲೆಯ ಜೋರು ಅಳೆಯಲು ಡಾಕ್ಟರುಗಳು ಹೆಚ್ಚಾಗಿ ಬಳಸುವ ಲೆಕ್ಕದ ಹೆಸರು ಡಿಎಎಸ್28. ಅದರಲ್ಲಿ 28 ಕೀಲುಗಳನ್ನು ಮುಟ್ಟಿ ನೋಡುತ್ತಾರೆ: ಭುಜ, ಮೊಣಕೈ, ಮಣಿಕಟ್ಟು, ಕೈಬೆರಳಿನ ಗೆಣ್ಣುಗಳು, ಮೊಣಕಾಲು. ಮೊಣಕಾಲಿನಿಂದ ಕೆಳಗಿನ ಒಂದು ಕೀಲೂ ಆ ಪಟ್ಟಿಯಲ್ಲಿಲ್ಲ! ಹಾಗಾಗಿ ಪಾದ ಊದಿಕೊಂಡಿದ್ದರೂ ಅಂಕ ಚೆನ್ನಾಗಿಯೇ ಬರಬಹುದು.

ಕಾಲು ನೋವಿಗೆ ಎರಡು ಬಗೆಯ ಕಾರಣ ಇರಬಹುದು. ಒಂದು, ಪಾದದ ಕೀಲುಗಳಲ್ಲಿ ಕಾಯಿಲೆ ಇನ್ನೂ ಜೀವಂತವಾಗಿರುವುದು. ಇದಕ್ಕೆ ಔಷಧಿ ಬದಲಾಗಬೇಕಾಗಬಹುದು. ಇನ್ನೊಂದು, ಉರಿಯೂತ ತಣ್ಣಗಾಗಿದ್ದರೂ ಹಿಂದೆ ಆದ ಹಾನಿಯಿಂದ ಪಾದದ ಆಕಾರ ಕೆಟ್ಟು ಭಾರ ತಪ್ಪು ಜಾಗಕ್ಕೆ ಬೀಳುವುದು. ಇದಕ್ಕೆ ಮಾತ್ರೆ ಹೆಚ್ಚಿಸಿದರೆ ಏನೂ ಪ್ರಯೋಜನವಿಲ್ಲ. ಶೂ, ಒಳಹಾಸು, ವ್ಯಾಯಾಮ, ಕೆಲವೊಮ್ಮೆ ಆಪರೇಷನ್ ಬೇಕು. ಮುಟ್ಟಿ ನೋಡಿ ಗೊತ್ತಾಗದಿದ್ದರೆ ಅಲ್ಟ್ರಾಸೌಂಡ್ ಮಾಡಿ ಎರಡರಲ್ಲಿ ಯಾವುದು ಅಂತ ತಿಳಿದುಕೊಳ್ಳಬಹುದು. ಮುಂದಿನ ಸಲ ಹೋದಾಗ ಡಾಕ್ಟರ್ ಕೇಳದಿದ್ದರೂ ನೀವೇ ಶೂ ಬಿಚ್ಚಿ, "ಪಾದವನ್ನೂ ನೋಡಿ" ಅನ್ನಿ. ಇದರಲ್ಲಿ ಸಂಕೋಚ ಬೇಡ.

ಪಾದವನ್ನು ದಿನಾ ನೋಡಿಕೊಳ್ಳಬೇಕಾ? ಏನು ನೋಡಬೇಕು?

ದಿನಾ ನೋಡಿದರೆ ಒಳ್ಳೆಯದು. ಜೊತೆಗೆ ಸಕ್ಕರೆ ಕಾಯಿಲೆ ಇದ್ದರೆ, ಕಾಲು ಜೋಮು ಹಿಡಿಯುತ್ತಿದ್ದರೆ, ಅಥವಾ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ ತಪ್ಪಿಸಲೇಬಾರದು.

ರಾತ್ರಿ ಮಲಗುವ ಮುಂಚೆ ಒಳ್ಳೆಯ ಬೆಳಕಿನಲ್ಲಿ ಕುಳಿತುಕೊಳ್ಳಿ. ಬಗ್ಗಲು ಆಗದಿದ್ದರೆ ಒಂದು ಕನ್ನಡಿಯನ್ನು ನೆಲದ ಮೇಲಿಟ್ಟು ಅದರ ಮೇಲೆ ಅಂಗಾಲು ಹಿಡಿಯಿರಿ. ಬೆರಳುಗಳ ಬುಡದಲ್ಲಿ ಹೊಸ ಕೆಂಪು ಇದೆಯಾ? ಬಾಗಿದ ಬೆರಳಿನ ಗೆಣ್ಣಿನ ಮೇಲೆ ಶೂ ಉಜ್ಜಿದ ಗುರುತು? ಬೆರಳ ಸಂದಿಯಲ್ಲಿ ಬೆಳ್ಳಗೆ ನೆನೆದಂತಾದ, ಬಿರಿದ ಚರ್ಮ? ದಪ್ಪಗಾದ ಚರ್ಮದ ಒಳಗೆ ಕಪ್ಪು ಅಥವಾ ಕಂದು ಕಲೆ ಕಂಡರೆ ಅದರ ಕೆಳಗೆ ರಕ್ತ ಒಸರಿದೆ, ಹುಣ್ಣು ಆಗುತ್ತಿದೆ ಅಂತ ತಿಳಿಯಿರಿ. ಸಾಕ್ಸಿನ ಒಳಭಾಗವನ್ನೂ ಒಮ್ಮೆ ನೋಡಿ. ಕಣ್ಣಿಗೆ ಬೀಳದ ಗಾಯ ಎಷ್ಟೋ ಸಲ ಸಾಕ್ಸಿನ ಮೇಲಿನ ಕಲೆಯಿಂದ ಗೊತ್ತಾಗುತ್ತದೆ.

ಕಣ್ಣು ಮಂಜಾಗಿದ್ದರೆ ಮನೆಯವರ ಸಹಾಯ ಕೇಳಿ. ಅಥವಾ ಮೊಬೈಲಿನಲ್ಲಿ ಅಂಗಾಲಿನ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಹಳೆಯ ಫೋಟೋ ಇದ್ದರೆ ಡಾಕ್ಟರಿಗೆ ಹೋಲಿಸಿ ನೋಡಲೂ ಅನುಕೂಲ.

ಕೈಯೂ ನೋಯುತ್ತದೆ, ಬಗ್ಗಲೂ ಆಗುವುದಿಲ್ಲ. ತೊಳೆಯುವುದು, ಉಗುರು ಕತ್ತರಿಸುವುದು ಹೇಗೆ?

ಉದ್ದ ಹಿಡಿಯ ಬ್ರಷ್ ಅಥವಾ ಸ್ಪಂಜಿನಿಂದ, ಕುಳಿತುಕೊಂಡೇ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ತುಂಬಾ ಹೊತ್ತು ನೆನೆಸಬೇಡಿ, ಚರ್ಮ ಮತ್ತಷ್ಟು ಒಣಗುತ್ತದೆ. ಬೆರಳ ಸಂದಿ ಒರೆಸುವುದೇ ಕಷ್ಟದ ಕೆಲಸ. ಬೆರಳುಗಳು ಒಂದರ ಮೇಲೊಂದು ಏರಿ ಕುಳಿತಿದ್ದರಂತೂ ಟವೆಲ್ ಒಳಗೆ ಹೋಗುವುದೇ ಇಲ್ಲ. ತೆಳುವಾದ ಹತ್ತಿ ಬಟ್ಟೆಯ ಪಟ್ಟಿಯನ್ನು ಸಂದಿಯೊಳಗೆ ತೂರಿಸಿ ಮೆಲ್ಲಗೆ ಎಳೆದರೆ ಆಗುತ್ತದೆ. ಆಮೇಲೆ ಹಿಮ್ಮಡಿಗೆ, ಅಂಗಾಲಿಗೆ ಕ್ರೀಮ್ ಹಚ್ಚಿ. ತುಂಬಾ ಒಣಗಿದ್ದರೆ ಯೂರಿಯಾ ಇರುವ ಕ್ರೀಮ್ ಒಳ್ಳೆಯದು. ಸಂದಿಗೆ ಮಾತ್ರ ಹಚ್ಚಬೇಡಿ, ಅಲ್ಲಿ ತೇವ ನಿಂತರೆ ಫಂಗಸ್ ಬರುತ್ತದೆ.

ಉಗುರನ್ನು ಸ್ನಾನ ಆದ ಮೇಲೆ, ಮೆತ್ತಗಿರುವಾಗ, ನೇರವಾಗಿ ಕತ್ತರಿಸಿ. ಮೂಲೆಗಳನ್ನು ಆಳಕ್ಕೆ ಕೊರೆಯಬೇಡಿ. ಕಟರ್ ಅದುಮಲು ಕೈಗೆ ಶಕ್ತಿ ಸಾಲದಿದ್ದರೆ ವಾರಕ್ಕೆ ಒಂದೆರಡು ಸಲ ಉಗುರು ಉಜ್ಜುವ ಫೈಲ್ ಬಳಸಿದರೆ ಸಾಕು, ಕತ್ತರಿಸುವ ಪ್ರಮೇಯವೇ ಬರುವುದಿಲ್ಲ. ಉಗುರು ದಪ್ಪಗಾಗಿದ್ದರೆ, ಒಳಕ್ಕೆ ಬೆಳೆಯುತ್ತಿದ್ದರೆ ಪಾದದ ತಜ್ಞರ ಕೈಗೆ ಬಿಡಿ.

ಆಣಿ, ದಪ್ಪ ಚರ್ಮವನ್ನು ನಾನೇ ತೆಗೆಯಬಹುದಾ?

ಬ್ಲೇಡು ಖಂಡಿತ ಬೇಡ. ಆಣಿಗೆ ಅಂಟಿಸುವ ಔಷಧಿ ಪಟ್ಟಿಯೂ ಬೇಡ. ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಅಂತ ಗೊತ್ತಾಗುವುದಿಲ್ಲ. ಈ ಕಾಯಿಲೆಗೆ ಕೊಡುವ ಸ್ಟಿರಾಯ್ಡ್ ಔಷಧಿಯಿಂದ ತೆಳ್ಳಗಾದ ಚರ್ಮವನ್ನು ಅದು ಸುಟ್ಟು ಹುಣ್ಣು ಮಾಡಬಹುದು.

ಚರ್ಮ ದಪ್ಪಗಾಗುವುದು ಒತ್ತಡ ತಡೆಯಲು. ಒತ್ತಡ ಹಾಗೇ ಇದ್ದರೆ, ತಜ್ಞರೇ ಎಷ್ಟು ನಾಜೂಕಾಗಿ ಕೆರೆದು ತೆಗೆದರೂ ಕೆಲವೇ ವಾರಗಳಲ್ಲಿ ಮತ್ತೆ ಬರುತ್ತದೆ. ಹಾಗಾಗಿ ಆಣಿ ತೆಗೆಸಿದ ದಿನವೇ ಶೂ ಮತ್ತು ಒಳಹಾಸಿನ ಬಗ್ಗೆಯೂ ಕೇಳಿ. ಮನೆಯಲ್ಲಿ ಕ್ರೀಮ್ ಹಚ್ಚುವುದು, ಚರ್ಮ ಒಡೆದಿಲ್ಲದಿದ್ದರೆ ಫೂಟ್ ಫೈಲಿನಿಂದ ಹಗುರವಾಗಿ ಉಜ್ಜುವುದು, ಇಷ್ಟು ಸಾಕು.

ಇನ್ನೊಂದು ವಿಷಯ. ಹಿಮ್ಮಡಿಯ ಹಿಂದೆ ಅಥವಾ ಬೆರಳಿನ ಮೇಲೆ ಚರ್ಮದ ಅಡಿಯಲ್ಲಿ ಗಟ್ಟಿ ಗಂಟು ಕೈಗೆ ಸಿಕ್ಕರೆ ಅದು ಆಣಿ ಅಲ್ಲದಿರಬಹುದು. ಈ ಕಾಯಿಲೆಯಲ್ಲೇ ಬರುವ ರುಮಟಾಯ್ಡ್ ಗಂಟುಗಳು ಹಾಗೇ ಇರುತ್ತವೆ. ಅದನ್ನು ಕೆರೆಯಲು ಹೋಗಬೇಡಿ.

ಎಂಥ ಶೂ ಕೊಳ್ಳಬೇಕು?

ಔಷಧಿಯ ನಂತರ ಪಾದಕ್ಕೆ ಅತಿ ಹೆಚ್ಚು ನೆಮ್ಮದಿ ಕೊಡುವುದು ಸರಿಯಾದ ಶೂ ಅನ್ನುವುದು ನಮ್ಮ ಗಟ್ಟಿ ಅಭಿಪ್ರಾಯ. ಸೈಜ್ ನಂಬರ್ ನೋಡಿ ಕೊಳ್ಳುವ ಅಭ್ಯಾಸವನ್ನು ಮೊದಲು ಬಿಡಿ. ಪಾದ ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಾ, ಬೆರಳುಗಳು ಮೇಲೇಳುತ್ತಾ ಹೋದಾಗ ಹಳೆಯ ನಂಬರಿಗೆ ಅರ್ಥವಿಲ್ಲ.

ಶೂ ಕೊಳ್ಳಲು ಸಂಜೆ ಹೊತ್ತಿಗೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಮೆಟ್ಟಿ ನೋಡುವ ಮುಂಚೆ ಒಳಗಿನ ಹಾಸನ್ನು ಎಳೆದು ತೆಗೆದು, ನೆಲಕ್ಕೆ ಹಾಕಿ, ಅದರ ಮೇಲೆ ಬರಿಗಾಲಲ್ಲಿ ನಿಲ್ಲಿ. ಪಾದದ ಯಾವುದೇ ಬದಿ ಹಾಸಿನಿಂದ ಹೊರಗೆ ಚೆಲ್ಲಿದರೆ ಆ ಶೂ ನಿಮಗಲ್ಲ. ಎಷ್ಟೇ ಚೆನ್ನಾಗಿದ್ದರೂ ವಾಪಸ್ ಇಡಿ. ಅತಿ ಉದ್ದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಇರಬೇಕು. ಆಮೇಲೆ ಕೈ ಒಳಗೆ ಹಾಕಿ ಬೆರಳು ಬರುವ ಜಾಗದ ಮೇಲ್ಭಾಗವನ್ನು ಸವರಿ. ಅಲ್ಲಿ ಹೊಲಿಗೆಯ ಏಣು ಇದ್ದರೆ ಬಾಗಿದ ಬೆರಳಿನ ಗೆಣ್ಣಿಗೆ ಅದು ದಿನವಿಡೀ ಉಜ್ಜುತ್ತದೆ.

ಬೆರಳ ಜಾಗ ಅಗಲವಾಗಿ ಎತ್ತರವಾಗಿರಬೇಕು, ಹಿಮ್ಮಡಿ ಹಿಡಿಯುವ ಭಾಗ ಗಟ್ಟಿಯಾಗಿರಬೇಕು, ಹಿಮ್ಮಡಿಯ ಎತ್ತರ ಮೂರು ಸೆಂಟಿಮೀಟರ್ ದಾಟಬಾರದು. ಲೇಸ್ ಅಥವಾ ವೆಲ್ಕ್ರೋ ಪಟ್ಟಿ ಇದ್ದರೆ ಊತ ಹೆಚ್ಚು ಕಡಿಮೆ ಆದಂತೆ ಸಡಿಲಿಸಿ ಬಿಗಿಮಾಡಬಹುದು. ಕೈಬೆರಳು ಸಹಕರಿಸದಿದ್ದರೆ ವೆಲ್ಕ್ರೋ ಅಥವಾ ಎಲಾಸ್ಟಿಕ್ ಲೇಸ್ ತೆಗೆದುಕೊಳ್ಳಿ. ಜಾರಿ ಹೋಗುವ ಚಪ್ಪಲಿಯನ್ನು ಹಿಡಿದಿಡಲು ಕಾಲ್ಬೆರಳುಗಳು ಪ್ರತಿ ಹೆಜ್ಜೆಗೂ ಮುದುರಬೇಕು, ಅದರಿಂದ ಬೆರಳು ಇನ್ನಷ್ಟು ಬಾಗುತ್ತದೆ. ಬೆರಳ ಬುಡ ತುಂಬಾ ನೋಯುವವರಿಗೆ ಮುಂಭಾಗ ಮೇಲಕ್ಕೆ ಬಾಗಿದ ರಾಕರ್ ಸೋಲ್ ಬಹಳ ಅನುಕೂಲ. ಪಾದ ಮಡಿಯದೆ ಉರುಳಿದಂತೆ ಮುಂದೆ ಹೋಗುವುದರಿಂದ ನೋಯುವ ಕೀಲು ಬಗ್ಗಬೇಕಾಗಿಲ್ಲ. "ಹಾಕಿಕೊಂಡು ಓಡಾಡಿದರೆ ಸಡಿಲ ಆಗುತ್ತದೆ" ಅನ್ನುವ ಮಾತಿಗೆ ಮರುಳಾಗಬೇಡಿ. ಮೊದಲ ದಿನವೇ ಹಿತವಾಗಿರಬೇಕು.

ಒಳಹಾಸು ಹಾಕಿಸಿದರೆ ಬಾಗಿದ ಬೆರಳು ನೆಟ್ಟಗಾಗುತ್ತದಾ?

ಇಲ್ಲ. ಅದರ ಕೆಲಸ ಭಾರವನ್ನು ಹಂಚುವುದು, ಪಾದ ಒಳಕ್ಕೆ ವಾಲದಂತೆ ತಡೆಯುವುದು. ನೋವು ಕಡಿಮೆಯಾಗುತ್ತದೆ, ಆಕಾರ ಬದಲಾಗುವುದಿಲ್ಲ. ಮೊದಮೊದಲು ದಿನಕ್ಕೆ ಒಂದೆರಡು ಗಂಟೆ ಹಾಕಿ, ನಿಧಾನವಾಗಿ ಹೆಚ್ಚಿಸಿ. ಹಾಸು ಹಾಕಿದಾಗ ಶೂ ಬಿಗಿಯಾದರೆ ಶೂ ಬದಲಾಗಬೇಕು. ಕಾಯಿಲೆಯ ಜೊತೆ ಪಾದವೂ ಬದಲಾಗುವುದರಿಂದ ಆಗಾಗ ಮರುಪರೀಕ್ಷೆ ಮಾಡಿಸಿ.

ಮನೆಯೊಳಗೆ ಬರಿಗಾಲಲ್ಲಿ ಓಡಾಡಬಹುದಾ?

ಬೆರಳ ಬುಡ ನೋಯುವವರು, ಕಾಲು ಜೋಮು ಹಿಡಿಯುವವರು ಬೇಡ. ಮನೆಯೊಳಗಷ್ಟೇ ಹಾಕುವ, ಹಿಂದೆ ಪಟ್ಟಿ ಇರುವ ಮೆತ್ತನೆಯ ಪಾದರಕ್ಷೆ ಇಟ್ಟುಕೊಳ್ಳಿ. ದಿನದ ಹೆಜ್ಜೆಗಳಲ್ಲಿ ಎಷ್ಟೊಂದು ಮನೆಯೊಳಗೇ ಆಗುತ್ತವೆ ಅಂತ ಯೋಚಿಸಿ ನೋಡಿ.

ಬಿಸಿ ಶಾಖ ಒಳ್ಳೆಯದಾ, ಐಸ್ ಒಳ್ಳೆಯದಾ?

ಕೀಲು ಬಿಸಿಯಾಗಿ ಊದಿದ್ದರೆ ತಂಪು, ಬಿಗಿಯಾಗಿದ್ದರೆ ಬಿಸಿ. ಯಾವುದಾದರೂ ಬಟ್ಟೆಯಲ್ಲಿ ಸುತ್ತಿ 10ರಿಂದ 15 ನಿಮಿಷ ಸಾಕು. ಚರ್ಮಕ್ಕೆ ಸ್ಪರ್ಶ ತಿಳಿಯದಿದ್ದರೆ ಅಥವಾ ರಕ್ತಸಂಚಾರ ಕಡಿಮೆ ಇದ್ದರೆ ಎರಡೂ ಬೇಡ, ಸುಟ್ಟರೂ ಗೊತ್ತಾಗುವುದಿಲ್ಲ.

ನಡೆದರೆ ಕೀಲು ಸವೆಯುವುದಿಲ್ಲವೇ? ವಿಶ್ರಾಂತಿ ತೆಗೆದುಕೊಳ್ಳುವುದೇ ಒಳ್ಳೆಯದಲ್ಲವೇ?

ಈ ಹೆದರಿಕೆಯಿಂದ ಮನೆಯಲ್ಲೇ ಕುಳಿತವರು ಬಹಳ ಜನ. ಕಾಯಿಲೆ ಕೆರಳಿ ಪಾದ ಊದಿರುವ ದಿನಗಳಲ್ಲಿ ವಿಶ್ರಾಂತಿ ಬೇಕು, ನಿಜ. ಆದರೆ ಆಗಲೂ ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ, ಸುತ್ತಲೂ ತಿರುಗಿಸಿ, ಇಲ್ಲವಾದರೆ ಬಿಗಿತ ಜಾಸ್ತಿಯಾಗುತ್ತದೆ. ಉಳಿದ ದಿನಗಳಲ್ಲಿ ನಡೆಯಿರಿ. ಸವೆಸುವುದು ಉರಿಯೂತ, ಒಳ್ಳೆಯ ಶೂ ಹಾಕಿ ಹದವಾಗಿ ನಡೆಯುವುದರಿಂದ ಸ್ನಾಯು ಗಟ್ಟಿಯಾಗುತ್ತದೆ, ಮೂಳೆಗೂ ಒಳ್ಳೆಯದು.

ಗೋಡೆಗೆ ಕೈ ಊರಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ಎತ್ತದೆ ಮೀನಖಂಡವನ್ನು ಹಿಗ್ಗಿಸುವ ವ್ಯಾಯಾಮ ಒಂದನ್ನಾದರೂ ರೂಢಿಸಿಕೊಳ್ಳಿ. ಮೀನಖಂಡ ಬಿಗಿಯಾದಷ್ಟೂ ಅಂಗಾಲಿನ ಮುಂಭಾಗಕ್ಕೆ ಭಾರ ಹೆಚ್ಚು ಬೀಳುತ್ತದೆ. ಈಜು, ಸೈಕಲ್ ಪಾದಕ್ಕೆ ಹಗುರ. ವ್ಯಾಯಾಮದ ನಂತರ ಎರಡು ಗಂಟೆ ಕಳೆದರೂ ನೋವು ಮೊದಲಿಗಿಂತ ಜಾಸ್ತಿ ಇದ್ದರೆ ಮರುದಿನ ಕಡಿಮೆ ಮಾಡಿ, ನಿಲ್ಲಿಸಬೇಡಿ.

ಪಾದ ಒಳಕ್ಕೆ ವಾಲಿ ಚಪ್ಪಟೆಯಾಗುತ್ತಿದೆ. ಏನು ಮಾಡಲಿ?

ಪಾದದ ಗಂಟಿನ ಒಳಬದಿಯಲ್ಲಿ ಹಾದುಹೋಗುವ ಒಂದು ದಪ್ಪ ನಾರು ಅಂಗಾಲಿನ ಕಮಾನನ್ನು ಎತ್ತಿ ಹಿಡಿಯುತ್ತದೆ. ಅದು ಊದಿ ದುರ್ಬಲವಾದಾಗ, ಹಿಮ್ಮಡಿಯ ಕೀಲು ಹಾಳಾದಾಗ ಕಮಾನು ಕುಸಿಯುತ್ತದೆ. ಒಳಬದಿಯಲ್ಲಿ ನೋವು ಊತ ಇದ್ದು, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಲು ಆಗುತ್ತಿಲ್ಲ ಅಂದರೆ ತಡ ಮಾಡಬೇಡಿ. ಬೇಗ ಗೊತ್ತಾದರೆ ಗಂಟಿಗೆ ಆಧಾರ ಕೊಡುವ ಪಟ್ಟಿ, ಒಳಹಾಸು, ವ್ಯಾಯಾಮದಲ್ಲಿ ನಿಭಾಯಿಸಬಹುದು. ಕೀಲು ಆ ಸ್ಥಿತಿಯಲ್ಲೇ ಗಟ್ಟಿಯಾದ ಮೇಲೆ ದಾರಿಗಳು ಕಡಿಮೆ.

ನಾನು ಮೆಥೊಟ್ರೆಕ್ಸೇಟ್, ಬಯಾಲಜಿಕ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಕಾಲಿಗೆ ಸಣ್ಣ ಗಾಯವಾದರೆ ಹೆದರಬೇಕಾ?

ಹೆದರಬೇಡಿ, ಆದರೆ ಕಡೆಗಣಿಸಲೂಬೇಡಿ. ಇವು ದಾರಿ ತಪ್ಪಿದ ರಕ್ಷಣಾ ವ್ಯವಸ್ಥೆಯನ್ನು ತಗ್ಗಿಸುವ ಔಷಧಿಗಳು. ತೊಳೆದು, ಒಣಗಿಸಿ, ಶುಭ್ರವಾದ ಒಣ ಪಟ್ಟಿ ಹಾಕಿ, ದಿನಾ ಬಿಚ್ಚಿ ನೋಡಿ. ಒಂದೆರಡು ದಿನದಲ್ಲಿ ವಾಸಿಯಾಗುವ ಲಕ್ಷಣ ಕಾಣದಿದ್ದರೆ ತೋರಿಸಿ. ಸುತ್ತ ಕೆಂಪು ಹರಡುತ್ತಿದ್ದರೆ, ಬಿಸಿ, ಕೀವು, ವಾಸನೆ ಇದ್ದರೆ ಅದೇ ದಿನ ಹೋಗಿ. ಸ್ಟಿರಾಯ್ಡ್ ಮತ್ತು ಕೆಲವು ಬಯಾಲಜಿಕ್ ಔಷಧಿಗಳು ಸೋಂಕಿನ ಲಕ್ಷಣಗಳನ್ನು ಮುಚ್ಚಿಡುತ್ತವೆ. ಟೋಸಿಲಿಜುಮ್ಯಾಬ್ ಅನ್ನುವ ಬಯಾಲಜಿಕ್ ತೆಗೆದುಕೊಳ್ಳುವವರಿಗೆ ಜ್ವರ ಬಾರದೆ, ರಕ್ತದಲ್ಲಿ ಉರಿಯೂತದ ಮಟ್ಟ ತೋರಿಸುವ ಸಿಆರ್‌ಪಿ ಏರದೆಯೂ ಸೋಂಕು ಇರಬಹುದು. "ಜ್ವರ ಇಲ್ಲವಲ್ಲ" ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಸೋಂಕು ಇದ್ದಾಗ ಮುಂದಿನ ಡೋಸ್ ತೆಗೆದುಕೊಳ್ಳುವ ಮುಂಚೆ ರುಮಟಾಲಜಿ (ಕೀಲುರೋಗ) ವಿಭಾಗಕ್ಕೆ ಫೋನ್ ಮಾಡಿ ಕೇಳಿ. ಕೆಲವನ್ನು ತಾತ್ಕಾಲಿಕವಾಗಿ ನಿಲ್ಲಿಸಲು ಹೇಳಬಹುದು. ಸ್ಟಿರಾಯ್ಡ್ ಮಾತ್ರೆಯನ್ನು ಮಾತ್ರ ನೀವೇ ದಿಢೀರನೆ ನಿಲ್ಲಿಸಬಾರದು, ಅದು ಪ್ರಾಣಾಪಾಯಕ್ಕೂ ದಾರಿಯಾಗಬಹುದು.

ಯಾವಾಗ ತುರ್ತಾಗಿ ಆಸ್ಪತ್ರೆಗೆ ಹೋಗಬೇಕು?

ಉಳಿದ ಕೀಲುಗಳು ಸುಮ್ಮನಿದ್ದು ಒಂದೇ ಕೀಲು ಇದ್ದಕ್ಕಿದ್ದಂತೆ ಕೆಂಪಗೆ, ಬಿಸಿಯಾಗಿ, ಮುಟ್ಟಲಾಗದಷ್ಟು ನೋಯತೊಡಗಿದರೆ ಅದನ್ನು ಕಾಯಿಲೆ ಕೆರಳಿದೆ ಅಂತ ತಳ್ಳಿಹಾಕಬೇಡಿ. ಕೀಲಿನೊಳಗೆ ಸೋಂಕು ಆಗಿರಬಹುದು, ಅದು ಗಂಟೆಗಳ ಲೆಕ್ಕದಲ್ಲಿ ನೋಡಬೇಕಾದ ವಿಷಯ. ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಪಾದ ದಿಢೀರನೆ ತಣ್ಣಗಾಗಿ ಬಿಳಿಚಿಕೊಂಡರೆ, ಬೆರಳು ಕಪ್ಪಾದರೆ, ಪಾದವನ್ನು ಮೇಲೆತ್ತಲು ಆಗದೆ ಜೋತುಬಿದ್ದರೆ ಕಾಯಬೇಡಿ. ಉಗುರಿನ ಅಂಚಿನಲ್ಲಿ ಚಿಕ್ಕ ಕಂದು ಚುಕ್ಕೆಗಳು ಕಂಡರೆ ಅಷ್ಟು ಅವಸರವಿಲ್ಲ, ಆದರೆ ಸಣ್ಣ ರಕ್ತನಾಳಗಳಲ್ಲಿ ಉರಿಯೂತ ಇರುವ ಸೂಚನೆ ಅದು. ಬೇಗ ಡಾಕ್ಟರ ಗಮನಕ್ಕೆ ತನ್ನಿ.

ಬಿದ್ದ ನೆನಪೇ ಇಲ್ಲದೆ ಪಾದದ ಒಂದು ಕಡೆ ಮೂಳೆ ನೋಯುತ್ತಿದ್ದರೆ ಎಕ್ಸ್‌ರೇ ಬಗ್ಗೆ ಕೇಳಿ. ಬಹಳ ಕಾಲ ಸ್ಟಿರಾಯ್ಡ್ ತೆಗೆದುಕೊಂಡವರ ಮೂಳೆ ನಡೆದಷ್ಟಕ್ಕೇ ಬಿರುಕು ಬಿಡಬಹುದು.

ಕೀಲಿಗೆ ಸ್ಟಿರಾಯ್ಡ್ ಇಂಜೆಕ್ಷನ್ ಹಾಕಿಸಿಕೊಳ್ಳಬಹುದಾ?

ಒಂದೆರಡು ಕೀಲು ಮಾತ್ರ ಹಟ ಹಿಡಿದಾಗ ಒಳ್ಳೆಯ ಉಪಾಯ. ಕೆಲವು ವಾರಗಳಿಂದ ತಿಂಗಳುಗಳ ತನಕ ನೆಮ್ಮದಿ ಸಿಗಬಹುದು. ಪದೇ ಪದೇ ಒಂದೇ ಜಾಗಕ್ಕೆ ಹಾಕುವುದಿಲ್ಲ, ಏಕೆಂದರೆ ಸುತ್ತಲಿನ ನಾರುಗಳು ದುರ್ಬಲವಾಗಬಹುದು. ಹಾಕಿಸಿಕೊಂಡ ಮೇಲೆ ಒಂದೆರಡು ದಿನ ಕಾಲಿಗೆ ಬಿಡುವು ಕೊಡಿ. ಸಕ್ಕರೆ ಕಾಯಿಲೆ ಇದ್ದರೆ ಕೆಲವು ದಿನ ಸಕ್ಕರೆ ಮಟ್ಟ ಏರಬಹುದು ಅನ್ನುವುದು ನೆನಪಿರಲಿ.

ಆಪರೇಷನ್ ಯಾವಾಗ? ಆದ ಮೇಲೆ ನಡೆಯಲು ಆಗುತ್ತದಾ?

ಶೂ, ಒಳಹಾಸು, ಔಷಧಿ ಎಲ್ಲ ಸರಿಯಾಗಿ ಮಾಡಿಯೂ ನೋವು ನಿಮ್ಮನ್ನು ಮನೆಯಲ್ಲೇ ಕೂಡಿಹಾಕುತ್ತಿದ್ದರೆ, ಹುಣ್ಣು ಮತ್ತೆ ಮತ್ತೆ ಬರುತ್ತಿದ್ದರೆ ಯೋಚಿಸುವ ಕಾಲ ಬಂದಿದೆ. ಹೆಬ್ಬೆರಳಿನ ಬುಡದ ಕೀಲನ್ನು ಸಾಮಾನ್ಯವಾಗಿ ನೆಟ್ಟಗೆ ಕೂಡಿಸಿ ಬೆಸೆದುಬಿಡುತ್ತಾರೆ. ಕೀಲು ಆಮೇಲೆ ಬಗ್ಗುವುದಿಲ್ಲ, ಎತ್ತರದ ಹಿಮ್ಮಡಿಯ ಶೂ ಆಗುವುದಿಲ್ಲ, ಆದರೆ ನೋವಿಲ್ಲದೆ ನಡೆಯಬಹುದು. ಚಿಕ್ಕ ಬೆರಳುಗಳ ಬುಡದಲ್ಲಿ ನೆಲಕ್ಕೆ ಒತ್ತುವ ಮೂಳೆಯ ತುದಿಯನ್ನು ತೆಗೆಯುತ್ತಾರೆ ಅಥವಾ ಮೂಳೆಯನ್ನು ಗಿಡ್ಡ ಮಾಡಿ ಸರಿಯಾಗಿ ಕೂರಿಸುತ್ತಾರೆ. ಪಾದದ ಗಂಟಿಗೆ ಬೆಸೆಯುವುದು ಅಥವಾ ಕೃತಕ ಕೀಲು, ಎರಡೂ ಇವೆ.

ಚೇತರಿಕೆಗೆ ತಾಳ್ಮೆ ಬೇಕು. ಊತ ಪೂರ್ತಿ ಇಳಿಯಲು ಆರು ತಿಂಗಳಿಂದ ಒಂದು ವರ್ಷ ಹಿಡಿಯಬಹುದು. ಕೆಲವು ಆಪರೇಷನ್‌ಗಳ ನಂತರ ವಾರಗಟ್ಟಲೆ ಆ ಕಾಲಿಗೆ ಭಾರ ಹಾಕುವಂತಿಲ್ಲ. ಊರುಗೋಲು ಹಿಡಿಯಲು ನಿಮ್ಮ ಕೈ ಮತ್ತು ಭುಜಕ್ಕೆ ಆಗುತ್ತದಾ ಅನ್ನುವುದನ್ನು ಮುಂಚೆಯೇ ಫಿಸಿಯೋಥೆರಪಿಸ್ಟ್ ಜೊತೆ ಮಾತಾಡಿ. ಇದು ಎಷ್ಟೋ ಜನರಿಗೆ ಆಪರೇಷನ್ ಆದ ಮೇಲೆಯೇ ಹೊಳೆಯುವುದು. ಮೆಥೊಟ್ರೆಕ್ಸೇಟ್ ಅನ್ನು ಸಾಮಾನ್ಯವಾಗಿ ನಿಲ್ಲಿಸುವುದಿಲ್ಲ. ಬಯಾಲಜಿಕ್ ಡೋಸಿನ ದಿನಗಳನ್ನು ಹೊಂದಿಸಬೇಕಾಗುತ್ತದೆ. ಸಿಗರೇಟ್ ಬಿಡಲೇಬೇಕು. ಅದು ಗಾಯ ಮಾಯದಂತೆ, ಮೂಳೆ ಬೆಸೆಯದಂತೆ ಮಾಡುತ್ತದೆ, ಕಾಯಿಲೆಯನ್ನೂ ಹೆಚ್ಚಿಸುತ್ತದೆ.

ಪೆಡಿಕ್ಯೂರ್ ಮಾಡಿಸಬಹುದಾ? ನೇಲ್ ಪಾಲಿಶ್?

ಮೀನುಗಳಿರುವ ತೊಟ್ಟಿಯಲ್ಲಿ ಕಾಲು ಇಡುವ ಪೆಡಿಕ್ಯೂರ್ ಬೇಡವೇ ಬೇಡ. ಆ ನೀರಿನಿಂದ ಸೋಂಕು ತಗಲಬಹುದು. ಪಾರ್ಲರಿನಲ್ಲಿ ಮಾಡಿಸುವುದಾದರೆ ಸಲಕರಣೆಗಳನ್ನು ಶುಚಿ ಮಾಡಿದ್ದಾರಾ ಅಂತ ಕೇಳಿ, ಚರ್ಮ ಕತ್ತರಿಸಲು ಬಿಡಬೇಡಿ, ಉಗುರಿನ ಬುಡದ ಚರ್ಮವನ್ನು ಹಿಂದಕ್ಕೆ ದೂಡಲೂ ಬಿಡಬೇಡಿ. ನೇಲ್ ಪಾಲಿಶ್ ಹಚ್ಚಿಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಆಗಾಗ ತೆಗೆದು ಉಗುರಿನ ಬಣ್ಣ ನೋಡಿ. ಡಾಕ್ಟರ್ ಹತ್ತಿರ ಹೋಗುವ ಹಿಂದಿನ ದಿನವೂ ತೆಗೆಯಿರಿ.